ಎಡಭುಜದ ಮೇಲೆ ಬಸ್ಸಿನಷ್ಟು ಹಲ್ಲಿ

ಒಳ್ಳೆಯ ಅಭಿರುಚಿ ಇರುವವರನ್ನು ಕಂಡರೆ ನನಗೆ ಬಹಳ ಗೌರವ. ಆ ಗೌರವಕ್ಕಾಗಿಯೇ ಅವರಿಂದ ಸ್ವಲ್ಪ ದೂರ ಕೂರುತ್ತೇನೆ. ಆದರೆ ನಮ್ಮ ಮನೆಯಲ್ಲೇ ಅಂಥವರೊಬ್ಬರಿದ್ದಾರೆ, ನನ್ನ ಗಂಡ. ಕೊಟ್ಟೂರು ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು ವಾರವೆಲ್ಲ ಯೂರಿಯಾ ಮಾರುವ ಈ ಮನುಷ್ಯ, ಭಾನುವಾರ ಬಂತೆಂದರೆ ಪ್ರಶಸ್ತಿ ಬಂದ ಸಿನಿಮಾಗಳನ್ನೇ ಹುಡುಕಿ ಹಾಕುತ್ತಾರೆ. ಅದರಲ್ಲಿ ಒಬ್ಬ ಮುದುಕ ಬಾಗಿಲು ತೆಗೆಯುತ್ತಾನೆ, ಹೊರಗೆ ನೋಡುತ್ತಾನೆ, ಬಾಗಿಲು ಹಾಕುತ್ತಾನೆ. ಅಷ್ಟರಲ್ಲಿ ಅರ್ಧ ಸಿನಿಮಾ ಮುಗಿದಿರುತ್ತದೆ, ನಮ್ಮ ಮನೆಯವರು ಗೊರಕೆ ಹೊಡೆಯುತ್ತಿರುತ್ತಾರೆ. ಎದ್ದು ಕಣ್ಣು ಉಜ್ಜಿಕೊಂಡು, "ಎಷ್ಟು ಆಳ ಐತಿ ನೋಡು ಸಿನಿಮಾ" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಸಂಸಾರ ಸಾಗಬೇಕಲ್ಲ.

ನನ್ನ ರುಚಿಯೇ ಬೇರೆ. ನನಗೆ ಒಂದು ಪ್ರಯೋಗಾಲಯ ಬೇಕು. ಅದರಲ್ಲಿ ಗಾಜಿನ ಜಾಡಿಯೊಳಗೆ ಬಣ್ಣದ ನೀರು ಸುಮ್ಮಸುಮ್ಮನೆ ಕುದಿಯುತ್ತಿರಬೇಕು. ತಲೆಕೂದಲು ಬಾಚಿಕೊಳ್ಳದ ವಿಜ್ಞಾನಿ ಬೇಕು, ಅವನು ಮುಟ್ಟಬಾರದ ಗುಂಡಿಯನ್ನೇ ಒತ್ತಬೇಕು. ಆಮೇಲೆ ಏಡಿಯೋ ಜೇಡವೋ ಕಪ್ಪೆಯೋ, ಯಾವುದಾದರೂ ಒಂದು ಬಡಪಾಯಿ ಪ್ರಾಣಿ ಊದಿ ಊದಿ ಮನೆಯಷ್ಟಾಗಿ ಊರಿನ ಮೇಲೆ ಬರಬೇಕು. ಕಡಿಮೆ ದುಡ್ಡಿನಲ್ಲಿ ತೆಗೆದ ಸಿನಿಮಾ ಆದಷ್ಟೂ ನನಗೆ ಆನಂದ. ಆಕಾಶದಿಂದ ಇಳಿಯುವ ಹಾರುವ ತಟ್ಟೆ ನಮ್ಮ ಇಡ್ಲಿ ಪಾತ್ರೆಯ ಮುಚ್ಚಳದಂತೆಯೇ ಇರುತ್ತದೆ, ಹಿಡಿಕೆ ಸಮೇತ. ರಾಕ್ಷಸ ತಿರುಗಿ ನಿಂತರೆ ಬೆನ್ನಿನ ಜಿಪ್ಪು ಕಾಣುತ್ತದೆ. ಅದು ಗೋಡೆಗೆ ಗುದ್ದುವ ಮೊದಲೇ ಗೋಡೆ ಬಿದ್ದುಬಿಡುತ್ತದೆ, ಪಾಪ, ಅದಕ್ಕೂ ಹೆದರಿಕೆ. ಇದನ್ನೆಲ್ಲ ನೋಡುತ್ತ ಸೆರಗನ್ನು ಬಾಯಿಗೆ ತುರುಕಿಕೊಂಡು ನಗುವ ಸುಖವಿದೆಯಲ್ಲ, ಅದನ್ನು ಯಾವ ಪ್ರಶಸ್ತಿಯ ಮುದುಕನೂ ನನಗೆ ಕೊಟ್ಟಿಲ್ಲ.

ಇದರಲ್ಲಿ ನಾಚಿಕೆಪಡುವುದೇನಿದೆ ಎಂದು ನೀವು ಕೇಳಬಹುದು. ಇದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಕೂಡ್ಲಿಗಿ ಕಡೆಯ ಹೊಸಹಳ್ಳಿಯಿಂದ ಹಿಡಿದು ಕೋಗಳಿಯವರೆಗೆ ಯಾವ ಮಹಿಳಾ ಸಂಘದವರು ಕರೆದರೂ ಹೋಗಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿ ಬರುವವಳು ನಾನೇ. ನಮ್ಮ ಓಣಿಯ ಸಂಘದಲ್ಲಂತೂ ಹಲ್ಲಿಯ ಮೇಲೆಯೇ ಮಾತಾಡಿದ್ದೆ. ಹಲ್ಲಿ ಮೈಮೇಲೆ ಬಿದ್ದರೆ ಶುಭವೂ ಇಲ್ಲ, ಅಶುಭವೂ ಇಲ್ಲ, ಕಾಲು ಜಾರಿದೆ ಅಂತ ಅಷ್ಟೇ ಅರ್ಥ. ನಾವು ಮಾತಾಡುವಾಗ ಅದು ಲೊಚಗುಟ್ಟಿದರೆ ನಮ್ಮ ಮಾತು ಸತ್ಯ ಎಂದಲ್ಲ, ಅದು ತನ್ನ ಜೊತೆಯವರನ್ನು ಕರೆಯುತ್ತಿದೆ ಎಂದು ಬಿಡಿಸಿ ಬಿಡಿಸಿ ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಂಥವಳು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹಸಿರು ಏಡಿಗೆ ಜೈ ಅನ್ನುತ್ತಾಳೆಂದು ಗೊತ್ತಾದರೆ ಗತಿಯೇನು?

ಈ ಪಾಪದಲ್ಲಿ ನನಗೊಬ್ಬರು ಪಾಲುದಾರರಿದ್ದಾರೆ. ನಮ್ಮ ಅತ್ತೆ. ಮಾಗಳದ ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವರು, ಯಾವುದಕ್ಕೂ ಹೆದರುವವರಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಮನೆಯವರು ಉಂಡು ಅಂಗಡಿಗೆ ಹೋದ ಕೂಡಲೇ ಅತ್ತೆ ರಿಮೋಟು ತಂದು ನನ್ನ ಕೈಗೆ ಕೊಡುತ್ತಾರೆ. ಯಾವುದೋ ಚಾನೆಲ್ಲಿನಲ್ಲಿ ತೆಲುಗಿಗೆ ಡಬ್ ಆದ ಸಿನಿಮಾ ಬರುತ್ತಿರುತ್ತದೆ. ಬೇರೆ ಗ್ರಹದಿಂದ ಬಂದವರೂ ಬಾಯಿ ಬಿಟ್ಟರೆ ತೆಲುಗು. ಅತ್ತೆಗೆ ಅದು ಅರ್ಧಂಬರ್ಧ ತಿಳಿಯುತ್ತದೆ. ತಿಳಿಯದ ಅರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ.

"ಏ ಸುಮಾ, ಈ ಹುಡುಗಿ ಒಬ್ಬಾಕಿನ ಕತ್ತಲಾಗ ಯಾಕ ಹೊಂಟಾಳ ಬೇ? ಮನ್ಯಾಗ ದೊಡ್ಡವರು ಯಾರೂ ಇಲ್ಲೇನು?"

"ಇದ್ರು ಅತ್ತಿ. ಅವರನ್ನ ಆಗಲೇ ಅದು ತಿಂದೈತಿ."

"ಹಂಗಾರ ಲೈಟಾದ್ರೂ ಹಾಕು ಅನ್ನು ಆಕಿಗಿ. ಇಷ್ಟು ದೊಡ್ಡ ಮನಿ, ಒಂದು ಲೈಟ್ ಹಾಕವಲ್ಲರು!"

ರಾಕ್ಷಸನ ಬಗ್ಗೆ ಮಾತ್ರ ಅತ್ತೆಗೆ ಎಲ್ಲಿಲ್ಲದ ಕರುಣೆ. "ಪಾಪ, ಮುಂಜಾನಿಂದ ಗುಂಡು ಹೊಡಸ್ಕೊಂಡು ಓಡ್ಯಾಡಾಕ ಹತ್ತೈತಿ. ಅದಕ್ಕೂ ಹೊಟ್ಟಿ ಐತಿಲ್ಲ?" ಅನ್ನುತ್ತಾರೆ. ಅದು ಒಬ್ಬ ಪೊಲೀಸನನ್ನು ನುಂಗಿದ ಮೇಲೆ, "ಈಗ ಉಂಡಿಯಲ್ಲ, ಸುಮ್ಕ ಮಲ್ಕ ಇನ್ನ" ಎಂದು ಬುದ್ಧಿ ಹೇಳುತ್ತಾರೆ. ಅದು ಕೇಳುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಒಬ್ಬೊಬ್ಬರ ಮನೆಯ ಹುಣಸೆಹಣ್ಣನ್ನು ಕುಟ್ಟಿ ಬೀಜ ತೆಗೆಯುವುದು ಮೊದಲಿನಿಂದ ಬಂದ ಪದ್ಧತಿ. ಹಣ್ಣು ಯಾರದೋ ಅವರ ಮನೆಯಲ್ಲಿ ಚಹಾ, ಮಂಡಕ್ಕಿ, ಮಿರ್ಚಿ. ಕೈಗೆ ಕೆಲಸವಿದ್ದಾಗ ಕಿವಿಗೆ ಕಥೆ ಬೇಕು. ಆ ಕಥೆ ಹೇಳುವವರು ಯಾವಾಗಲೂ ನಮ್ಮ ಅತ್ತೆ. ಧಾರಾವಾಹಿಗಳು ಬಂದ ಮೇಲೆ ಅವರ ಕಥೆಗಳಿಗೆ ಬೆಲೆ ಇಲ್ಲದಂತಾಗಿ ಪಾಪ, ಒಂದೆರಡು ವರ್ಷ ಮೂಲೆಯಲ್ಲಿ ಸುಮ್ಮನೆ ಹುಣಸೆಹಣ್ಣು ಕುಟ್ಟಿದ್ದರು. ಈ ವರ್ಷ ನಮ್ಮ ಮನೆಯ ಸರದಿ ಬಂದ ದಿನ ನೋಡಿದರೆ ಅತ್ತೆ ಮತ್ತೆ ನಡುಮನೆಯ ನಡುವೆ ಕೂತಿದ್ದಾರೆ, ಸುತ್ತ ಹೆಂಗಸರು ಬಾಯಿ ತೆರೆದು ಕೇಳುತ್ತಿದ್ದಾರೆ. ಅತ್ತೆ ಹೇಳುತ್ತಿದ್ದದ್ದು ನಾವು ಹಿಂದಿನ ದಿನ ನೋಡಿದ ಹಲ್ಲಿಯ ಸಿನಿಮಾ, ಸಿನಿಮಾ ಅನ್ನುವ ಮಾತೊಂದನ್ನು ಬಿಟ್ಟು!

ಅದರಲ್ಲಿ ಒಬ್ಬಳು ವಿಜ್ಞಾನಿ ಹಸಿರು ಬೆಳಕು ಬಿಟ್ಟು ಒಂದು ಹಲ್ಲಿಯನ್ನು ಬಸ್ಸಿನಷ್ಟು ದೊಡ್ಡದು ಮಾಡುತ್ತಾಳೆ. ಅದು ಪ್ರಯೋಗಾಲಯದ ಸೂರಿಗೆ ಅಂಟಿಕೊಂಡಿರುತ್ತದೆ. ಕೆಳಗೆ ವಿಜ್ಞಾನಿ ನಿಂತಿರುತ್ತಾಳೆ. ಹಲ್ಲಿಯ ಒಂದು ಕಾಲು ಬಿಡುತ್ತದೆ, ಇನ್ನೊಂದು ಕಾಲು ಬಿಡುತ್ತದೆ, ದೊಪ್ಪೆಂದು ಬೀಳುತ್ತದೆ. ಬೀಳುತ್ತಿರುವಾಗಲೇ ನಮ್ಮಲ್ಲಿ ಕರೆಂಟು ಹೋಗಿತ್ತು. ಬಂದ ಮೇಲೆ ಅದೇ ಚಾನೆಲ್ಲಿನಲ್ಲಿ ಮೊಣಕಾಲು ನೋವಿನ ಎಣ್ಣೆ ಮಾರುತ್ತಿದ್ದರು.

ಅತ್ತೆಯ ಕಥೆಯೂ ಅಲ್ಲಿಗೇ ನಿಂತಿತು. ಪಕ್ಕದ ಮನೆಯ ಪಾರ್ವತಮ್ಮ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟರು. ಹರಪನಹಳ್ಳಿಯ ಹೆಣ್ಣುಮಗಳು, ಯಾವುದನ್ನೂ ಸುಲಭಕ್ಕೆ ಬಿಡುವವರಲ್ಲ. "ಅಲ್ಲಾ, ಹಲ್ಲಿ ಬಿದ್ದಿದ್ದು ಎಲ್ಲಿಗೆ? ಎಡಕ್ಕೋ ಬಲಕ್ಕೋ? ಹೆಣ್ಮಕ್ಕಳಿಗೆ ಎಡಗಡೆ ಬಿದ್ರೆ ಒಳ್ಳೇದು. ತಲೆ ಮೇಲೆ ಬಿತ್ತು ಅಂದ್ರೆ ಅವಳ ಕಥೆ ಮುಗೀತು."

"ಬಸ್ಸಿನಷ್ಟು ಹಲ್ಲಿ ಬಿದ್ರ ಎಡಕ್ಕೂ ಬೀಳ್ತೈತಿ, ಬಲಕ್ಕೂ ಬೀಳ್ತೈತಿ, ತಲಿ ಮ್ಯಾಲೂ ಬೀಳ್ತೈತಿ" ಎಂದು ಇನ್ಯಾರೋ ಅಂದರು.

"ಹಂಗಲ್ಲ, ಮೊದಲು ಎಲ್ಲಿ ತಾಗಿತು ಅನ್ನೋದರ ಮೇಲೆ ಐತೆ ಫಲ. ಪಂಚಾಂಗ ತರ್ಲಾ?"

ಪಂಚಾಂಗ ಬಂತು. ಅದರಲ್ಲಿ ಹಲ್ಲಿಯ ಅಳತೆಯ ಬಗ್ಗೆ ಏನೂ ಇರಲಿಲ್ಲ. ವಾದ ಜೋರಾಯಿತು. ಎಲ್ಲರೂ ಅತ್ತೆಯ ಕಡೆ ತಿರುಗಿ ಮುಂದೇನಾಯಿತು ಹೇಳಿರೆಂದರು. ಅತ್ತೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಮಾತು ಅವರ ಬಾಯಲ್ಲಿ ಬರುವುದೂ ಇಲ್ಲ. "ನಾಳೆ ಹೇಳ್ತೀನಿ. ಇದು ನಡೆದ ಸಂಗತಿ, ಸುಳ್ಳಲ್ಲ. ನಮ್ಮ ಸುಮಾಗ ಎಲ್ಲಾ ಗೊತ್ತೈತಿ. ವಿಜ್ಞಾನದಾಗ ಐತಂತ" ಎಂದುಬಿಟ್ಟರು. ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದ ನನ್ನ ಕೈಯಿಂದ ಜಾರಿ ಜಾಲರಿಯೇ ಎಣ್ಣೆಗೆ ಬಿತ್ತು.

"ಕಥೆ ಮುಗಿಯೋವರೆಗೂ ನಾವು ಹುಣಸೆಹಣ್ಣು ಮುಟ್ಟಲ್ಲ ನೋಡ್ರಿ" ಎಂದು ಪಾರ್ವತಮ್ಮ ಎದ್ದರು. ಎಲ್ಲರೂ ಎದ್ದರು. ಮಿರ್ಚಿ ಮಾತ್ರ ತಿಂದು ಹೋದರು. ನಡುಮನೆಯಲ್ಲಿ ಹುಣಸೆಹಣ್ಣಿನ ಗುಡ್ಡೆ, ಅದರ ಪಕ್ಕದಲ್ಲಿ ನಮ್ಮ ಅತ್ತೆ. "ಸುಮಾ, ನನ್ನ ಮಾನ ನಿನ್ನ ಕೈಯಾಗ ಐತಿ ನೋಡವ್ವ. ಅರ್ಧ ಕಥಿ ಹೇಳಾಕಿ ಅಂತ ಹೆಸರು ಬಂದ್ರ ನಾನು ಮತ್ತ ಆ ಮೂಲ್ಯಾಗ ಹೋಗಿ ಕುಂದರಬೇಕಾಕ್ಕತಿ" ಎಂದರು.

ಮೊಬೈಲಿನಲ್ಲಿ ಹುಡುಕಿದೆ. ಜಗತ್ತಿನಲ್ಲಿ ಇಷ್ಟೊಂದು ದೊಡ್ಡ ಹಲ್ಲಿಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ನೀರಿನ ಹಲ್ಲಿ, ಮಂಜಿನ ಹಲ್ಲಿ, ಚಂದ್ರನ ಮೇಲಿನ ಹಲ್ಲಿ, ಎಲ್ಲ ಸಿಕ್ಕವು, ನಮ್ಮದು ಸಿಗಲಿಲ್ಲ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹಲ್ಲಿ ಕಾಟ ಜಾಸ್ತಿಯಾಗಿದೆಯೆಂದು ಮೊಬೈಲಿಗೆ ಅನ್ನಿಸಿ, ಹಲ್ಲಿ ಓಡಿಸುವ ಔಷಧಿಗಳ ಜಾಹೀರಾತು ತೋರಿಸತೊಡಗಿತು. ನಿಜ ಹೇಳಿಬಿಡೋಣವೆಂದರೆ ಅತ್ತೆಯ ಮಾನ ಹೋಗುತ್ತದೆ, ಮಧ್ಯಾಹ್ನದ ನನ್ನ ಗುಟ್ಟೂ ಬಯಲಾಗುತ್ತದೆ. ಏನೂ ಹೇಳದಿದ್ದರೆ ಮಳೆಗಾಲಕ್ಕೆ ಹುಣಸೆಹಣ್ಣೆಲ್ಲ ಬೂಷ್ಟು ಹಿಡಿಯುತ್ತದೆ. ಕೊನೆಗೆ ನಾನೇ ಒಂದು ಮುಕ್ತಾಯ ಕಟ್ಟುವುದೆಂದು ನಿಶ್ಚಯಿಸಿದೆ. ಹೇಳಲಿಕ್ಕೆ ಸಂಕೋಚ, ಆದರೆ ಕಟ್ಟುತ್ತ ಕಟ್ಟುತ್ತ ನನಗೆ ಖುಷಿಯೋ ಖುಷಿ. ದೋಸೆ ಹಾಕುವಾಗ ಒಬ್ಬಳೇ ನಗುತ್ತಿದ್ದೆ. ನಮ್ಮ ಮನೆಯವರು ಎರಡು ಸಲ ತಿರುಗಿ ನೋಡಿದರು.

ಮರುದಿನ ಮಧ್ಯಾಹ್ನ ಎಲ್ಲರೂ ಬಂದರು. ಹಿಂದಿನ ದಿನ ಬರದವರೂ ಬಂದಿದ್ದರು. ಅತ್ತೆ ಗಂಭೀರವಾಗಿ, "ವಿಜ್ಞಾನದ ಮಾತು, ಸುಮಾನ ಹೇಳ್ತಾಳ" ಎಂದು ನನ್ನನ್ನು ಮುಂದೆ ದೂಡಿದರು. ನಾನು ಶುರುಮಾಡಿದೆ. ಹಲ್ಲಿ ಬಿದ್ದ ರಭಸಕ್ಕೆ ಹಸಿರು ಬೆಳಕಿನ ಯಂತ್ರ ತಲೆಕೆಳಗಾಯಿತು. ಬೆಳಕು ಉಲ್ಟಾ ಹರಿಯಿತು. ಬಸ್ಸಿನಷ್ಟಿದ್ದ ಹಲ್ಲಿ ಬೀಳುತ್ತ ಬೀಳುತ್ತಲೇ ಆಟೋದಷ್ಟಾಯಿತು, ಕುರಿಯಷ್ಟಾಯಿತು, ನೆಲ ಮುಟ್ಟುವುದರೊಳಗೆ ಮೊದಲಿನಷ್ಟೇ ಆಗಿ ವಿಜ್ಞಾನಿಯ ಮೈಮೇಲೆ ಪಟ್ಟೆಂದು ಕೂತಿತು. ಅವಳು ಅದನ್ನು ಟಿಫಿನ್ ಡಬ್ಬಿಯಲ್ಲಿಟ್ಟು ಮನೆಗೆ ಕರೆದೊಯ್ದು ಸಾಕಿದಳು. "ಸದ್ಯ, ಉಳೀತಲ್ಲ ಬಡಜೀವ!" ಎಂದು ಅತ್ತೆ ಕಣ್ಣೊರೆಸಿಕೊಂಡರು. ಇದು ನಾನು ಕಟ್ಟಿದ್ದೆಂದು ಗೊತ್ತಿದ್ದವರು ಅವರೊಬ್ಬರೇ!

"ಮೈಮೇಲೆ ಅಂದ್ರೆ ಎಲ್ಲಿಗೆ ಟೀಚರೇ?" ಪಾರ್ವತಮ್ಮ ಬಿಡಲಿಲ್ಲ.

ನನ್ನೊಳಗಿನ ಟೀಚರ್ ಎದ್ದು ನಿಂತಳು. "ನೋಡ್ರಿ, ಎಡ ಬಲ ಅಂತ ಏನಿರಂಗಿಲ್ಲ, ಸಂಘದಾಗ ಹೇಳಿದ್ನಲ್ಲ..." ಅನ್ನುವಷ್ಟರಲ್ಲಿ ಅತ್ತೆಯ ಮುಖ ಕಂಡಿತು. ಆ ಮೂಲೆಯೂ ಕಂಡಿತು. "ಎಡಭುಜ" ಅಂದೆ.

ಆಹಾ, ನಡುಮನೆಗೆಲ್ಲ ಜೀವ ಬಂತು! ಆಗ ಟ್ಯೂಬ್‌ಲೈಟಿನ ಹಿಂದಿನಿಂದ, ಯಾರು ಕರೆಸಿದ್ದರೋ ಏನೋ, ಲೊಚ ಲೊಚ ಲೊಚ ಎಂದು ಸದ್ದಾಯಿತು. "ಸತ್ಯ ಸತ್ಯ, ಶಿವ ಶಿವ" ಎನ್ನುತ್ತ ಎಲ್ಲರೂ ಬೆರಳಿನಿಂದ ನೆಲ ಕುಟ್ಟಿದರು. ಅತ್ತೆಯೂ ಕುಟ್ಟಿದರು. ನಾನು ಮುಗುಳ್ನಗುತ್ತ, ಅದು ತನ್ನ ಜೊತೆಯವರನ್ನು ಕರೆಯುತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನೂ ನೋಡಿಕೊಂಡೆ. ನನ್ನ ತೋರುಬೆರಳು ನೆಲದ ಮೇಲಿತ್ತು. ಇನ್ನೂ ಕುಟ್ಟುತ್ತಿತ್ತು.

ಪಾರ್ವತಮ್ಮ ಸುತ್ತಿಗೆ ಎತ್ತಿಕೊಂಡು ಹುಣಸೆಹಣ್ಣಿನ ಗುಡ್ಡೆಯನ್ನು ಹತ್ತಿರ ಎಳೆದುಕೊಂಡರು. "ಟೀಚರೇ ಕುಟ್ಟಿದ ಮೇಲೆ ಮುಗೀತು ಬಿಡ್ರಿ" ಎಂದರು, "ಇದು ವಿಜ್ಞಾನದಾಗೂ ಐತೆ."