ಹಂಪಣ್ಣನ ದೇಶಕ್ಕೆ ಹೊಳೆ ಬಂದದ್ದು

ಇನ್ನೊಂದು ವಾರದೊಳಗೆ ಹಂಪಣ್ಣನ ಬಾಯಿ ಮುಚ್ಚಿಸದಿದ್ದರೆ ತಾನು ಪೇಪರ್ ವೆಂಕೋಬನೇ ಅಲ್ಲ ಎಂದು ವೆಂಕೋಬ ಬೇವಿನ ಕಡ್ಡಿ ಜಗಿಯುತ್ತ ಶಪಥ ಮಾಡಿದ. ದೊಡ್ಡಾಟದ ರಾಜ ಶಪಥ ಮಾಡಿದರೆ ಹಿಂದಿನಿಂದ ಮದ್ದಳೆ ಬಾರಿಸುತ್ತಾರೆ. ವೆಂಕೋಬನ ಶಪಥಕ್ಕೆ ಕೊಟ್ಟಿಗೆಯಲ್ಲಿದ್ದ ಎಮ್ಮೆ ಒಂದು ಸಲ ಸೀನಿತು, ಅಷ್ಟೆ.

ಅದು ೧೯೯೭ರ ಜುಲೈ ತಿಂಗಳು. ಹನುಮನಹಳ್ಳಿಗೆ ಬರುತ್ತಿದ್ದದ್ದು ಒಂದೇ ಪೇಪರು. ಗಂಗಾವತಿಯ ಒಂಬತ್ತರ ಬಸ್ಸಿನಲ್ಲಿ ಬಂದು ಜಿಲಾನಸಾಬನ ಚಹಾದ ಹೋಟೆಲಿನ ಮುಂದೆ ಇಳಿಯುತ್ತಿತ್ತು. ಅದನ್ನು ಬಿಚ್ಚಿ, ಗಂಟಲು ಸರಿಮಾಡಿಕೊಂಡು, ನೆರೆದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವ ಪಟ್ಟ ಹದಿನಾಲ್ಕು ವರ್ಷಗಳಿಂದ ವೆಂಕೋಬನದು. ನಾಲ್ಕೆಕರೆ ಭತ್ತದ ಗದ್ದೆ ಅವನ ಹೊಟ್ಟೆ ತುಂಬಿಸಿದರೆ ಪೇಪರು ಎದೆ ತುಂಬಿಸುತ್ತಿತ್ತು. ದಿಲ್ಲಿಯ ಸರ್ಕಾರ ಬಿದ್ದರೂ ಅವನು ಓದಿ ಹೇಳುವ ತನಕ ಹನುಮನಹಳ್ಳಿಯ ಮಟ್ಟಿಗೆ ಅದು ನಿಂತೇ ಇರುತ್ತಿತ್ತು.

ಆ ಪಟ್ಟಕ್ಕೆ ಕುತ್ತು ತಂದವನು ಹಾಲೆಂಡಿನ ಹೆಂಡ್ರಿಕ್. ಆನೆಗೊಂದಿಯ ಕಲ್ಲುಕಂಬಗಳ ಚಿತ್ರ ಬರೆದುಕೊಳ್ಳಲು ಸಂಕ್ರಾಂತಿಯ ಹೊತ್ತಿಗೆ ಬಂದವನು, ವೆಂಕೋಬ ತನ್ನ ಮಗಳನ್ನು ಕುಷ್ಟಗಿಗೆ ಕೊಟ್ಟ ಮೇಲೆ ಅವನ ಮನೆಯಲ್ಲಿ ಖಾಲಿ ಬಿದ್ದಿದ್ದ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದ. ಗಂಡಸನ್ನು ‘ಹೆಂಡ್ರಿ’ ಎಂದು ಕರೆಯಲು ಓಣಿಯ ಹೆಂಗಸರಿಗೆ ನಾಚಿಕೆಯಾಗಿ, ವೆಂಕೋಬನ ಹೆಂಡತಿ ಮುದಕಮ್ಮ ಮೂರನೆಯ ದಿನವೇ ಅವನಿಗೆ ಹಂಪಣ್ಣ ಎಂದು ಹೆಸರಿಟ್ಟಳು. ತೊಟ್ಟಿಲಿಗೆ ಹಾಕುವುದೊಂದು ಬಾಕಿ ಉಳಿಯಿತು.

ಹಂಪಣ್ಣ ತನ್ನ ದೇಶದಲ್ಲೇ ಕನ್ನಡ ಕಲಿತು ಬಂದಿದ್ದ. ಇರುವ ಊರಿನ ಸುದ್ದಿ ತಿಳಿಯದವನು ಧರ್ಮಛತ್ರದಲ್ಲಿ ಮಲಗೆದ್ದು ಹೋದ ಹಾಗೆ ಎಂಬುದು ಅವನ ವಾದ. ಬೆಳಿಗ್ಗೆ ಏಳಕ್ಕೆ ರೇಡಿಯೋ ಕಿವಿಗೆ ಹಿಡಿದು ಕೂತುಬಿಡುತ್ತಿದ್ದ. ಡ್ಯಾಮಿಗೆ ಎಷ್ಟು ನೀರು ಬಂತು, ರಾಯಚೂರು ಜಿಲ್ಲೆ ಒಡೆದು ಕೊಪ್ಪಳ ಯಾವಾಗ ಬೇರೆಯಾಗುತ್ತದೆ, ಎಲ್ಲವೂ ಏಳೂಕಾಲಿಗೆ ಮುದಕಮ್ಮನ ಒಲೆಯ ಮುಂದೆ ಹಾಜರು. ಒಂಬತ್ತರ ಬಸ್ಸು ಬರುವಷ್ಟರಲ್ಲಿ ವೆಂಕೋಬನ ಪೇಪರು ನಿನ್ನೆಯ ರೊಟ್ಟಿ!

ಇದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಬೇರೆಯಿತ್ತು. ತಾನು ಸುದ್ದಿ ಹೇಳಿದರೆ ‘ಹೂಂ’ ಎಂದು ರೊಟ್ಟಿ ತಟ್ಟುವ ಮುದಕಮ್ಮ, ಹಂಪಣ್ಣ ಹೇಳಿದರೆ ತಟ್ಟುವುದನ್ನು ನಿಲ್ಲಿಸಿ ನಾಲ್ಕು ಪ್ರಶ್ನೆ ಕೇಳುತ್ತಿದ್ದಳು. ಬಿಸಿ ರೊಟ್ಟಿ ಮೊದಲು ಅವನ ತಟ್ಟೆಗೆ. ಒಂದು ಸಂಜೆ ಗದ್ದೆಯಿಂದ ಬಂದು ನೋಡಿದರೆ ಮುದಕಮ್ಮ ಬೀಸುವ ಹಾಡು ಹೇಳುತ್ತಿದ್ದಾಳೆ, ಹಂಪಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾನೆ. ಆಗಲೇ ನಲವತ್ತು ಹಾಡು ತುಂಬಿದ್ದವಂತೆ. ವೆಂಕೋಬ ಬಾಗಿಲಲ್ಲೇ ನಿಂತ.

“ನಿನಗ ಇಷ್ಟು ಹಾಡು ಬರತಾವಂತ ನನಗ ಗೊತ್ತ ಇರಲಿಲ್ಲ.”

“ನೀವು ಯಾವತ್ತರ ಕೇಳೀರೇನು?” ಎಂದಳು ಮುದಕಮ್ಮ, ತಲೆ ಎತ್ತದೆ.

ಮರುದಿನ ಬೆಳಿಗ್ಗೆಯೇ ಶಪಥ.

ಉಪಾಯ ಸರಳವಾಗಿತ್ತು. ಊರಿನ ಸುದ್ದಿಯಲ್ಲಿ ಹಂಪಣ್ಣನನ್ನು ಹಿಂದೆ ಹಾಕಲಾಗದು. ಅವನ ದೇಶದ ಸುದ್ದಿಯಲ್ಲೇ ಹಾಕಬೇಕು. ಕೊಪ್ಪಳದ ಸುದ್ದಿಯಲ್ಲಿ ಮುಳುಗಿರುವವನಿಗೆ ಹಾಲೆಂಡಿನ ಗೊಡವೆ ಎಲ್ಲಿಂದ? ‘ನಿಮ್ಮ ಮನಿಯಾಗ ಏನ ನಡದೈತಿ ನಿನಗ ಗೊತ್ತಿಲ್ಲೇನಪ’ ಎಂದು ಮುದಕಮ್ಮನ ಎದುರಿಗೆ ಒಮ್ಮೆ ಅಂದುಬಿಟ್ಟರೆ ಸಾಕು. ವೆಂಕೋಬ ಅಂದಿನಿಂದ ಪೇಪರಿನ ವಿದೇಶದ ಪುಟವನ್ನು ಹೇನು ನೋಡುವ ಹಾಗೆ ನೋಡತೊಡಗಿದ. ಒಂದು ದಿನ, ಎರಡು ದಿನ, ಐದು ದಿನ. ಹಾಲೆಂಡಿನ ಹೆಸರೇ ಇಲ್ಲ. ಒಂದು ಕಳವಿಲ್ಲ, ಒಂದು ಬಂದ್ ಇಲ್ಲ. ಇಂಥ ಸೋಮಾರಿ ದೇಶವನ್ನು ತಾನು ಕಂಡಿಲ್ಲ ಎಂದು ಅವನು ಬೈದುಕೊಂಡ.

ಆರನೆಯ ದಿನ ದೇವರು ಕಣ್ಣು ಬಿಟ್ಟ. ಪುಟದ ಮೂಲೆಯಲ್ಲಿ ನಾಲ್ಕೇ ಸಾಲಿನ ಸುದ್ದಿ, ಮೇಲೆ ದಪ್ಪಕ್ಷರ. ಮಿರ್ಚಿ ತಿನ್ನುತ್ತಿದ್ದ ವೆಂಕೋಬನ ಹೆಬ್ಬೆರಳು ಸರಿಯಾಗಿ ಮೊದಲ ಅಕ್ಷರದ ಮೇಲೆ ಬಿದ್ದು, ಎಣ್ಣೆ ಇಳಿದು, ಹಿಂಬದಿಯ ಗೊಬ್ಬರದ ಜಾಹೀರಾತು ಅದರೊಳಗೆ ಕಲಸಿಹೋಯಿತು. ಉಳಿದದ್ದು ಇಷ್ಟು: ‘...ಲೆಂಡಿನಲ್ಲಿ ಭಾರೀ ಮಹಾಪೂರ.’ ಹೊಟ್ಟೆಕಿಚ್ಚು ಇದ್ದವನಿಗೆ ಒಂದು ಅಕ್ಷರ ಕಡಿಮೆಯಾದರೆ ಏನಾಯಿತು? ವೆಂಕೋಬ ಎದ್ದು ನಿಂತು ಓದಿದ. ಹಾಲೆಂಡಿನಲ್ಲಿ ಮಹಾಪೂರ. ವಾರ್ಸಾ, ಜುಲೈ ಹತ್ತು.

ವಾರ್ಸಾ ಎಲ್ಲಿ ಬರುತ್ತದೆ ಎಂದು ಜಿಲಾನಸಾಬ ಕೇಳಿದ.

“ಹಂಪಣ್ಣನ ಊರ ಬಾಜೂಕ,” ಎಂದ ವೆಂಕೋಬ.

ಪೇಪರಿನ ನಾಲ್ಕು ಸಾಲು ಅವನ ಬಾಯಲ್ಲಿ ನಲವತ್ತಾಯಿತು. ದನ ತೇಲಿದವು, ಸೇತುವೆ ಮುರಿದವು. ಹಂಪಣ್ಣನ ಓಣಿಯನ್ನೂ ಬಿಡಲಿಲ್ಲ. ಈ ಸುದ್ದಿಯನ್ನು ಮನೆಗೆ ಒಯ್ದು ಮುದಕಮ್ಮನ ಮುಂದೆ ಹೇಗೆ ಇಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದ. ಆದರೆ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಅಂಗಳದ ತುಂಬ ಜನ. ಪಕ್ಕದ ಮನೆಯ ಕರಿಯವ್ವ ಕಟ್ಟೆಯ ಮೇಲೆ ಕೂತು ಹಾಡಿಕೊಂಡು ಅಳುತ್ತಿದ್ದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಯಾರೋ ಆಗಲೇ ಬುತ್ತಿ ತಂದಿಟ್ಟಿದ್ದರು. ಮುದಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಮೂಲೆ ಹಿಡಿದಿದ್ದಳು. ಹೋದ ಚಳಿಗಾಲದಲ್ಲಿ ತಾನು ಹನ್ನೊಂದು ದಿನ ಜ್ವರದಲ್ಲಿ ಬಿದ್ದಾಗ ಇವರಲ್ಲಿ ಒಬ್ಬರೂ ಮೂಗು ಒರೆಸಿಕೊಂಡಿರಲಿಲ್ಲ ಎಂಬುದು ವೆಂಕೋಬನಿಗೆ ನೆನಪಾಯಿತು. ಅವನಿಗೆ ಹಂಪಣ್ಣನ ದುಃಖದ ಮೇಲೂ ಹೊಟ್ಟೆಕಿಚ್ಚು ಬಂತು.

ಅಷ್ಟರಲ್ಲಿ ಹಂಪಣ್ಣ ಆನೆಗೊಂದಿಯಿಂದ ಸೈಕಲ್ ಮೇಲೆ ಬಂದ. ಜನ ದಾರಿ ಬಿಟ್ಟರು. ವಿಷಯ ಕೇಳಿ ಅವನ ಕೆಂಪು ಮುಖ ಸುಣ್ಣವಾಯಿತು. ಅವನ ದೇಶವೇ ಸಮುದ್ರಕ್ಕಿಂತ ತಗ್ಗಿನಲ್ಲಿದೆ, ನೀರೆಂದರೆ ಅಲ್ಲಿಯವರಿಗೆ ಹುಟ್ಟುಭಯ. ಹೊಳೆಯ ದಂಡೆಯ ಮನೆಯಲ್ಲಿ ಎಪ್ಪತ್ತೆರಡು ವರ್ಷದ ತಾಯಿ ಒಬ್ಬಳೇ. ಕಲ್ಲು ನೋಡಲು ಅಷ್ಟು ದೂರ ಯಾಕೆ ಹೋಗುತ್ತೀ ಎಂದು ಆಕೆ ಜಗಳ ತೆಗೆದಿದ್ದಳಂತೆ. ಆರು ತಿಂಗಳಿಂದ ಇಬ್ಬರಲ್ಲೂ ಮಾತಿಲ್ಲ. ಪೇಪರು ಎಲ್ಲಿ ಎಂದು ಕೇಳಿದ. ಆ ಪುಟ ಮಿರ್ಚಿ ಕಟ್ಟಿಕೊಂಡು ಯಾರದೋ ಕೈಯಲ್ಲಿ ಹೋಗಿಬಿಟ್ಟಿತ್ತು. ಆಗ ಹಂಪಣ್ಣ ವೆಂಕೋಬನ ಕಡೆಗೆ ತಿರುಗಿದ.

“ಅಣ್ಣಾ, ಮತ್ತೇನು ಬರೆದಿದ್ದಾರೆ? ನೀವೇ ಹೇಳಬೇಕು.”

ಆರು ತಿಂಗಳಿಂದ ವೆಂಕೋಬ ಕಾದದ್ದು ಈ ಮಾತಿಗೇ. ಮುದಕಮ್ಮನೂ ಅವನ ಮುಖವನ್ನೇ ನೋಡುತ್ತಿದ್ದಳು. ನಾಲಿಗೆ ತಡೆಯಲಿಲ್ಲ.

“ಮಾಳಿಗಿ ಮಟ ನೀರು ಬಂದೈತಂತ,” ಎಂದುಬಿಟ್ಟ.

ಹಂಪಣ್ಣ ಮೆಟ್ಟಿಲ ಮೇಲೆ ಕೂತು, ಬಿಚ್ಚಿದ ಚಪ್ಪಲಿಯ ಪಟ್ಟಿಯನ್ನು ಮತ್ತೆ ಹಾಕಿಕೊಳ್ಳಲು ನೋಡಿದ. ಮೂರು ಸಲ ತಪ್ಪಿತು. ಮುದಕಮ್ಮ ಬಂದು ಕೆಳಗೆ ಕೂತು ಹಾಕಿಕೊಟ್ಟಳು. ಮಾಳಿಗೆಯ ಮಾತು ಪೇಪರಿನಲ್ಲಿ ಇರಲಿಲ್ಲ ಎಂದು ಹೇಳಲು ವೆಂಕೋಬ ಬಾಯಿ ತೆರೆದ, ಸುತ್ತ ನೋಡಿದ, ಮುಚ್ಚಿದ.

ಮದಾರಸಾಬನ ಟೆಂಪೋದಲ್ಲಿ ಹನ್ನೆರಡು ಮಂದಿ ಗಂಗಾವತಿಗೆ ಹೊರಟರು, ವಿದೇಶಕ್ಕೆ ಫೋನ್ ಹತ್ತುವ ಬೂತ್ ಅಲ್ಲೇ ಇದ್ದದ್ದು. ಹಂಪಣ್ಣ ಗಾಜಿನ ಗೂಡಿನೊಳಗೆ ಹೋದ. ಹನ್ನೊಂದು ಮುಖಗಳು ಗಾಜಿಗೆ ಅಂಟಿದವು. ಅವನ ಚಿತ್ರದ ಚೀಲವನ್ನು ಮುದಕಮ್ಮ ಕೂಸಿನ ಹಾಗೆ ಎದೆಗೆ ಅವಚಿಕೊಂಡು ನಿಂತಿದ್ದಳು. ಆ ಹೊತ್ತಿನಲ್ಲೂ ವೆಂಕೋಬನ ಕಣ್ಣು ಆ ಚೀಲದ ಮೇಲೆಯೇ. ಎರಡು ಸಲ ಲೈನ್ ಹತ್ತಲಿಲ್ಲ. ಮೂರನೆಯ ಸಲ ಹಂಪಣ್ಣನ ಬೆನ್ನು ನೆಟ್ಟಗಾಯಿತು. ಅವನು ಏನೋ ಕೂಗಿದ, ಸುಮ್ಮನಾದ, ಕಣ್ಣೊರೆಸಿಕೊಂಡ, ಆಮೇಲೆ ನಗತೊಡಗಿದ. ಹೊರಗಿದ್ದವರೂ ನಗಬೇಕೋ ಅಳಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಇಪ್ಪತ್ತು ನಿಮಿಷದ ಮೇಲೆ ಅವನು ಹೊರಬಂದ.

“ಅಣ್ಣಾ, ಪೇಪರಿನಲ್ಲಿ ಊರಿನ ಹೆಸರು ಏನಿತ್ತು?”

“ವಾರ್ಸಾ,” ಎಂದ ವೆಂಕೋಬ.

ವಾರ್ಸಾ ಇರುವುದು ಪೋಲೆಂಡಿನಲ್ಲಿ, ಹೊಳೆ ಬಂದಿರುವುದೂ ಅಲ್ಲಿಗೇ, ಹಾಲೆಂಡಿನಲ್ಲಿ ಬಿಸಿಲು ಬಿದ್ದಿದೆ, ಅಮ್ಮ ಹೂವಿನ ಗಿಡಕ್ಕೆ ನೀರು ಹಾಕುತ್ತಿದ್ದಳು ಎಂದು ಹಂಪಣ್ಣ ತಿಳಿಸಿದ. ಹತ್ತು ಜೋಡಿ ಕಣ್ಣುಗಳು ಗಾಜು ಬಿಟ್ಟು ವೆಂಕೋಬನಿಗೆ ಅಂಟಿದವು.

“ಮತ್ತ ನಾ ಯಾರ ಸಲುವಾಗಿ ಅತ್ತೆ?” ಎಂದಳು ಕರಿಯವ್ವ.

“ಪೋಲೆಂಡಿನವರಿಗಾಗಿ, ಅಕ್ಕ. ಅವರಿಗೂ ಯಾರಾದರೂ ಅಳಬೇಕಲ್ಲ,” ಎಂದ ಹಂಪಣ್ಣ.

ವೆಂಕೋಬ ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತಿದ್ದ. ಬೈಗುಳಕ್ಕೆ ಅವನಲ್ಲಿ ಉತ್ತರವೂ ಸಿದ್ಧವಿತ್ತು, ತಪ್ಪು ಮಿರ್ಚಿಯದು. ಆದರೆ ಹಂಪಣ್ಣ ಬಂದು ಅವನ ಎರಡೂ ಕೈ ಹಿಡಿದುಕೊಂಡ. ಈ ಸುದ್ದಿ ಇಲ್ಲದಿದ್ದರೆ ತಾನು ಇನ್ನೂ ಒಂದು ವರ್ಷ ಹಟ ಹಿಡಿದು ಕೂಡುತ್ತಿದ್ದೆ, ಅಮ್ಮನೂ ಕೂಡುತ್ತಿದ್ದಳು ಎಂದ. ಯಾರದೋ ದೇಶದ ಹೊಳೆಗೆ ಹೆದರಿ ತನ್ನ ಮಗನನ್ನು ಟೆಂಪೋದಲ್ಲಿ ಕರೆತಂದವರನ್ನು ನೋಡಲು ಆಕೆ ಚಳಿಗಾಲಕ್ಕೆ ಹನುಮನಹಳ್ಳಿಗೆ ಬರುತ್ತಾಳಂತೆ. ವೆಂಕೋಬಣ್ಣನನ್ನು ಮೊದಲು ತೋರಿಸು ಎಂದಿದ್ದಾಳಂತೆ.

ವೆಂಕೋಬ ಟೆಂಪೋ ಹತ್ತಿ ಮೂಲೆಯಲ್ಲಿ ಕೂತ. ಊರ ದಾರಿಯಲ್ಲಿ ಮುದಕಮ್ಮ ಅವನ ಕಡೆ ಸರಿದು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ, ಆದರೆ ಟೆಂಪೋದವರೆಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಹದಿನಾಲ್ಕು ವರ್ಷದಿಂದ ಇಷ್ಟು ಸುದ್ದಿ ಓದೀರಿ. ಒಬ್ಬರಿಗೆ ಛಲೋ ಆಗಿದ್ದು ಇದೊಂದ. ಇದೂ ಸುಳ್ಳು.”