ಶುಕ್ರವಾರ ಬಿಟ್ಟುಕೊಡದವನು

ಗಲ್ಫಿಗೆ ಹೋದವರು ಮೊದಲು ಕಳೆದುಕೊಳ್ಳುವುದು ತಲೆಗೂದಲನ್ನು ಎಂದು ನಮ್ಮ ಊರಿನಲ್ಲಿ ಒಂದು ನಂಬಿಕೆ ಇದೆ. ಅಲ್ಲಿಯದು ಉಪ್ಪು ತೆಗೆದ ಸಮುದ್ರದ ನೀರು, ಅದರಲ್ಲಿ ಮಿಂದರೆ ಕೂದಲು ನಿಲ್ಲುವುದಿಲ್ಲ ಎಂದು ರಜೆಯಲ್ಲಿ ಬಂದವರ ತಲೆ ನೋಡಿ ಮಾತಾಡಿಕೊಳ್ಳುತ್ತಾರೆ. ನನ್ನ ತಲೆಯೂ ಈ ವಾದಕ್ಕೆ ಒಳ್ಳೆಯ ಸಾಕ್ಷಿಯೇ. ಆದರೆ ನಿಜ ಹೇಳುತ್ತೇನೆ, ಒಮಾನಿಗೆ ಹೋದ ನಾನು ಮೊದಲು ಕಳೆದುಕೊಂಡದ್ದು ಕೂದಲನ್ನಲ್ಲ, ಭಾನುವಾರವನ್ನು. ಅಲ್ಲಿ ರಜೆ ಶುಕ್ರವಾರ. ಶನಿವಾರ ಬೆಳಗಾದರೆ ಹೊಸ ವಾರ ಶುರು. ಭಾನುವಾರಕ್ಕೆ ನಮ್ಮ ಊರಿನ ಮಂಗಳವಾರದಷ್ಟೇ ಬೆಲೆ. ಉಡುಪಿ ಕಡೆಯ ಒಂದು ಇಗರ್ಜಿಯಲ್ಲಿ ನಾಮಕರಣವಾದಂದಿನಿಂದ ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪೂಜೆಗೆ ಹೋದವನು ನಾನು. ಅದೇ ದಿನ ಎಣ್ಣೆ ಮೆತ್ತಿದ ಪ್ಯಾಂಟು ಹಾಕಿ ಕೆಲಸಕ್ಕೆ ಹೊರಡುವಾಗ, ಸತ್ತುಹೋದ ನನ್ನ ಅಜ್ಜಿ ಎಲ್ಲಿಂದಲೋ ಕಣ್ಣು ಕೆಕ್ಕರಿಸಿ ನೋಡುತ್ತಿದ್ದಾಳೆ ಎಂದು ಮೊದಲ ಕೆಲವು ತಿಂಗಳು ಅನ್ನಿಸುತ್ತಿತ್ತು. ಆಮೇಲೆ ಮಸ್ಕತ್ತಿನ ಇಗರ್ಜಿಯ ಗುರುಗಳು, ‘ಇಲ್ಲಿ ಶುಕ್ರವಾರದ ಪೂಜೆಯೇ ಭಾನುವಾರದ್ದಕ್ಕೆ ಸಮ’ ಎಂದು ಹೇಳಿದರು. ದೇವರೇ ಕ್ಯಾಲೆಂಡರ್ ಬದಲಿಸಿಕೊಂಡ ಮೇಲೆ ಅಜ್ಜಿಯದೇನು ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಎಂಬತ್ತರ ದಶಕದ ಕೊನೆಯ ಮಾತಿದು. ನಾನಿದ್ದದ್ದು ಸೂರ್ ಎಂಬ ಚಿಕ್ಕ ಊರಿನಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೋಳು ಗುಡ್ಡ, ನಡುವೆ ಮರದ ಹಡಗು ಕಟ್ಟುವವರು ಮತ್ತು ಮೀನು ಹಿಡಿಯುವವರು. ಆ ಮೀನಿಗೆ ಬೇಕಾದ ಐಸು ಮಾಡುವ ಕಾರ್ಖಾನೆಯಲ್ಲಿ ನನಗೆ ಯಂತ್ರ ನಡೆಸುವ ಕೆಲಸ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ನಾನು ಸ್ವೆಟರ್ ಹಾಕಿಕೊಂಡು ಮೂಗು ಒರೆಸಿಕೊಳ್ಳುವವನು. ‘ಗಲ್ಫಿನಲ್ಲಿ ಚಳಿಗೆ ಶೀತವಾಗಿದೆ’ ಎಂದು ಊರಿಗೆ ಬರೆದರೆ ಯಾರೂ ನಂಬಲಿಲ್ಲ. ಸೂರಿನಲ್ಲಿ ಇಗರ್ಜಿ ಇರಲಿಲ್ಲ. ಆಸ್ಪತ್ರೆಯ ಸ್ಟೋರಿನಲ್ಲಿದ್ದ ಲಾರೆನ್ಸ್ ಮಾಮ್ ಅವರ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ನಾವು ಕೆಲವು ಕೊಂಕಣಿ ಕುಟುಂಬದವರು ಸೇರಿ ಜಪ ಮಾಡುತ್ತಿದ್ದೆವು. ಜಪ ಮುಗಿದ ಮೇಲೆ ಸಣ್ಣದೊಂದು ಊಟ, ದೊಡ್ಡದೊಂದು ಹರಟೆ. ಮಾಮ್ ನಮಗೆಲ್ಲ ಹಿರಿಯರು, ಆ ಸಭೆಯ ಮಟ್ಟಿಗೆ ಬಿಷಪರು ಎಂದರೂ ನಡೆಯುತ್ತದೆ.

ಮೀನಿಗೆ ಶುಕ್ರವಾರವೂ ಇಲ್ಲ, ಭಾನುವಾರವೂ ಇಲ್ಲ, ಆದ್ದರಿಂದ ಐಸಿನ ಯಂತ್ರ ವಾರವಿಡೀ ನಡೆಯಲೇಬೇಕು. ಯಂತ್ರ ಬಲ್ಲವರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ಬೊಂಬಾಯಿ ಕಡೆಯಿಂದ ಬಂದ ಸ್ಯಾಮ್ಯುಯೆಲ್. ವಾರಕ್ಕೆ ಒಂದು ದಿನ ರಜೆ, ಒಬ್ಬನಿಗೆ ರಜೆ ಇದ್ದ ದಿನ ಇನ್ನೊಬ್ಬ ಬರಬೇಕು. ಶುಕ್ರವಾರಕ್ಕಾಗಿ ಇನ್ನು ಇವನೊಂದಿಗೆ ಎಷ್ಟು ಗುದ್ದಾಡಬೇಕೋ ಎಂದು ನಾನು ಅಂಗಿಯ ತೋಳು ಮಡಚಿಕೊಂಡೇ ಇದ್ದೆ. ಆ ಮನುಷ್ಯ ಬಂದ ಮೊದಲ ದಿನವೇ ಮೆಲ್ಲಗೆ, ‘ಶುಕ್ರವಾರ ನೀವೇ ಇಟ್ಟುಕೊಳ್ಳಿ. ನನಗೆ ಶನಿವಾರ ಸಾಕು’ ಎಂದುಬಿಟ್ಟ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕುವ ಜಾತಿ ನನ್ನದಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.

ಸ್ಯಾಮ್ಯುಯೆಲ್ ಎಂಬ ಹೆಸರು ಕೇಳಿದೊಡನೆ ನಮ್ಮ ಸಭೆ ಕಿವಿ ನಿಮಿರಿಸಿತು. ಆತನ ಹೆಂಡತಿಯ ಹೆಸರು ರೆಬೆಕಾ, ಮಗಳು ರೂತ್. ಅಡ್ಡಹೆಸರು ಮಾತ್ರ ‘ಕರ್’ ಎಂದು ಮುಗಿಯುತ್ತಿತ್ತು. ಲಾರೆನ್ಸ್ ಮಾಮ್ ಸ್ವಲ್ಪ ಯೋಚಿಸಿ, “ಮರಾಠಿ ಪ್ರೊಟೆಸ್ಟೆಂಟ್ ಇರಬೇಕು ಮಾರಾಯ. ಅಡ್ಡಿಲ್ಲ, ಇಲ್ಲಿ ಅದೆಲ್ಲ ನೋಡಿದರೆ ಆಗುವುದಿಲ್ಲ,” ಎಂದು ದೊಡ್ಡ ಮನಸ್ಸಿನಿಂದ ತೀರ್ಪು ಕೊಟ್ಟರು. ಕ್ರೈಸ್ತ ನೆರೆಯವರು ಎಂದ ಮೇಲೆ ನನ್ನ ಹೆಂಡತಿ ಜೂಲಿ ಸುಮ್ಮನಿರುತ್ತಾಳೆಯೇ? ಏಡಿ ಸಾರು ಮಾಡಿದಾಗ ಅವರಿಗೊಂದು ಪಾಲು, ಸಿಗಡಿ ಸುಕ್ಕ ಮಾಡಿದಾಗ ಅವರಿಗೊಂದು ಪಾಲು. ಒಮ್ಮೆ ಮಸ್ಕತ್ತಿನಿಂದ ಬಂದ ಗೆಳೆಯರು ಪೊಟ್ಟಣ ಕಟ್ಟಿ ಹಂದಿಮಾಂಸ ತಂದುಕೊಟ್ಟರು. ಆ ದೇಶದಲ್ಲಿ ಅದು ಸಿಗುವುದೆಂದರೆ ನಮ್ಮವರಿಗೆ ಕ್ರಿಸ್ಮಸ್ ಎರಡು ಸಲ ಬಂದಂತೆ. ಜೂಲಿ ಊರಿನ ಮೆಣಸಿನ ಹುಡಿ ಹಾಕಿ ಬಫಾತ್ ಮಾಡಿ, ಒಳ್ಳೆಯ ತುಂಡುಗಳನ್ನೇ ಆರಿಸಿ ಒಂದು ಬೋಗುಣಿ ಅವರ ಮನೆಗೆ ಕಳಿಸಿದಳು. ಬೋಗುಣಿ ಫಳಫಳ ತೊಳೆದು, ಅದರ ತುಂಬ ಖರ್ಜೂರದೊಂದಿಗೆ ತಿರುಗಿ ಬಂತು. “ನೋಡಿ, ಒಂದು ಚೂರು ಮಸಾಲೆ ಬಿಡದೆ ತಿಂದಿದ್ದಾರೆ,” ಎಂದು ಜೂಲಿ ಹಿಗ್ಗಿದಳು.

ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಲು ಒಬ್ಬ ಒಳ್ಳೆಯವನು ಬೇಕಿತ್ತು, ಅವನು ನಾನಾದೆ. ಒಂದು ಶುಕ್ರವಾರ ಜಪ ಮುಗಿದ ಮೇಲೆ ಲಾರೆನ್ಸ್ ಮಾಮ್ ಎಲ್ಲರೆದುರು ನನ್ನನ್ನು ಕೇಳಿದರು: “ಫೆಲಿಕ್ಸ್, ನಿನಗೆ ಪ್ರತಿ ಶುಕ್ರವಾರ ಪ್ರಾರ್ಥನೆ, ಆ ಪಾಪದವನಿಗೆ ಪ್ರತಿ ಶುಕ್ರವಾರ ಐಸಾ? ಇದು ಯಾವ ನ್ಯಾಯ? ಅವನ ಆತ್ಮಕ್ಕೆ ಯಾರು ಜವಾಬ್ದಾರಿ?” ಸಭೆಯ ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನನಗೆ ಮೈಯೆಲ್ಲ ಉದಾರಗುಣ ಉಕ್ಕಿತು. ಮರುದಿನವೇ ನಮ್ಮ ಮ್ಯಾನೇಜರ್ ಸಾಲಿಂ ಸಾಹೇಬರ ಎದುರು ನಿಂತೆ. ಅವರು ಪ್ರಾಯದಲ್ಲಿ ಹಡಗಿನಲ್ಲಿ ಮಂಗಳೂರಿಗೆ ಹೆಂಚು ಒಯ್ಯಲು ಬರುತ್ತಿದ್ದವರು, ಹಿಂದಿ ಚೆನ್ನಾಗಿ ಆಡುತ್ತಿದ್ದರು. ನ್ಯಾಯ, ಸಮಾನತೆ, ಮನುಷ್ಯ ಮನುಷ್ಯನಿಗೆ ಮಾಡಬೇಕಾದ ಉಪಕಾರ, ಎಲ್ಲದರ ಮೇಲೆ ಒಂದು ಭಾಷಣ ಬಿಗಿದೆ. ಇನ್ನು ಮುಂದೆ ಒಂದು ವಾರ ಶುಕ್ರವಾರ ನನಗೆ, ಇನ್ನೊಂದು ವಾರ ಅವನಿಗೆ; ಆ ವಾರ ಶನಿವಾರದ ರಜೆ ನನಗೆ. ಸಾಹೇಬರು ನನ್ನ ಬೆನ್ನು ತಟ್ಟಿ, “ಎಲ್ಲರೂ ತಮಗೆ ಬೇಕು ಎಂದು ಬರುತ್ತಾರೆ. ಬೇರೆಯವನಿಗೆ ಕೊಡಿ ಎಂದು ಬಂದವನು ನೀನೊಬ್ಬನೇ,” ಎಂದರು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತ ಮನೆಗೆ ಬಂದೆ.

“ಅವರ ಹತ್ತಿರ ಒಂದು ಮಾತು ಕೇಳಿದ್ದೀರಾ?” ಎಂದಳು ಜೂಲಿ.

“ಉಪಕಾರ ಮಾಡುವಾಗ ಯಾರಾದರೂ ಕೇಳುತ್ತಾರಾ?” ಎಂದೆ. ಕೇಳಬೇಕು ಎಂಬುದು ನನಗೆ ಆಮೇಲೆ ತಿಳಿಯಿತು.

ಸುದ್ದಿ ಹೇಳಿದಾಗ ಸ್ಯಾಮ್ಯುಯೆಲ್ ಕೈಯಲ್ಲಿದ್ದ ಸ್ಪಾನರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಆಮೇಲೆ, “ನೀವು ಬಹಳ ಒಳ್ಳೆಯವರು,” ಎಂದ. ಹಲ್ಲು ಕೀಳಿಸಿಕೊಂಡವನು ಡಾಕ್ಟರಿಗೆ ಹೇಳುವ ದನಿಯಲ್ಲಿ. ಆ ಶುಕ್ರವಾರ ನಾನು ಐಸಿನ ಮಧ್ಯೆ ಇದ್ದೆ, ಅವನನ್ನು ಲಾರೆನ್ಸ್ ಮಾಮ್ ತಮ್ಮ ಕಾರಿನಲ್ಲೇ ಹೊತ್ತುಕೊಂಡು ಹೋದರಂತೆ. ಆತ ಮೂಲೆಯಲ್ಲಿ ಕುಳಿತಿದ್ದನಂತೆ. ಬೈಬಲಿನ ಹಳೆಯ ಒಡಂಬಡಿಕೆಯ ಕೀರ್ತನೆ ಓದುವ ಹೊತ್ತಿಗೆ ಪುಸ್ತಕ ನೋಡದೆ ಮರಾಠಿಯಲ್ಲಿ ಪೂರ್ತಿ ಹೇಳಿದನಂತೆ, ಎಲ್ಲರಿಗೂ ಆನಂದವಾಯಿತಂತೆ. ಕೊನೆಗೆ ನಮ್ಮವರೆಲ್ಲ ಶಿಲುಬೆಯ ಗುರುತು ಮಾಡುವಾಗ ಮಾತ್ರ ಎರಡೂ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದನಂತೆ. ‘ಪ್ರೊಟೆಸ್ಟೆಂಟರು ಹಾಗೆಯೇ’ ಎಂದು ಮಾಮ್ ಅದಕ್ಕೂ ವಿವರಣೆ ಕೊಟ್ಟರಂತೆ.

ಮರುದಿನ ಶನಿವಾರ, ನನಗೆ ರಜೆ. ಕಾಫಿ ಕುಡಿಯುತ್ತಿದ್ದಾಗ ರೆಬೆಕಾ ಬಂದಳು. ಅವಳ ಮರಾಠಿ, ನಮ್ಮ ಕೊಂಕಣಿ, ಸಿಕ್ಕಿಹಾಕಿಕೊಂಡಲ್ಲಿ ಹಿಂದಿ, ಹೀಗೆ ನಮ್ಮ ಮಾತು ನಡೆಯುತ್ತಿತ್ತು. ಅಂದು ಅವಳಿಗೆ ಯಾವ ಭಾಷೆಯೂ ಹೊರಡಲಿಲ್ಲ. ಜೂಲಿ ನೀರು ಕೊಟ್ಟಳು. “ಭಾಯಿಸಾಬ್, ನೀವು ಒಳ್ಳೆಯದಕ್ಕೇ ಮಾಡಿದಿರಿ. ಆದರೆ ಇವತ್ತು ಬೆಳಿಗ್ಗೆ ಅವರು ಅಳುತ್ತಾ ಕೆಲಸಕ್ಕೆ ಹೋದರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾವು ಕ್ರಿಶ್ಚಿಯನ್ನರಲ್ಲ. ನಾವು ಬೆನೆ ಇಸ್ರೇಲ್. ಯೆಹೂದಿಗಳು. ದಯವಿಟ್ಟು ಯಾರಿಗೂ ಹೇಳಬೇಡಿ,” ಎಂದಳು. ಆಗಿನ ದಿನಗಳಲ್ಲಿ ಆ ಕಡೆ ಅದನ್ನು ಬಾಯಿಬಿಟ್ಟು ಹೇಳಿಕೊಂಡು ತಿರುಗುವವರು ಯಾರೂ ಇರಲಿಲ್ಲ. ಶನಿವಾರ ಅವರಿಗೆ ದೇವರ ದಿನ, ಅಂದು ಬೆಂಕಿ ಹಚ್ಚುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ. ಅದೊಂದು ದಿನಕ್ಕಾಗಿ ಈ ಮನುಷ್ಯ ಮಸ್ಕತ್ತಿನಲ್ಲಿದ್ದ ಒಳ್ಳೆಯ ಕೆಲಸ ಬಿಟ್ಟು ಈ ಮೂಲೆಗೆ ಬಂದಿದ್ದ. ಈಗ ಇದೂ ಹೋದರೆ ಗಂಟುಮೂಟೆ ಕಟ್ಟಿ ಊರಿಗೆ ಹೋಗುವುದೊಂದೇ ದಾರಿ. ಅಲ್ಲಿ ಅವನಿಗೆ ಕೆಲಸವಿರಲಿಲ್ಲ. ಶಿವಪೂಜೆಗೆ ಬಂದ ಕರಡಿಯ ಮುಖ ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಆಗ ನನ್ನನ್ನು ನೋಡಬೇಕಿತ್ತು.

ಜೂಲಿ ಮಾತ್ರ ಬೇರೆಯೇ ಲೆಕ್ಕಾಚಾರದಲ್ಲಿದ್ದಳು. “ಹಾಗಾದರೆ ಆ ಬಫಾತ್?” ಎಂದಳು ಮೆಲ್ಲಗೆ. ರೆಬೆಕಾ ಕಣ್ಣೊರೆಸಿಕೊಂಡು ಅತ್ತ ತಿರುಗಿದಳು. ಹಂದಿಯಷ್ಟೇ ಅಲ್ಲ, ಏಡಿ, ಸಿಗಡಿಯೂ ಅವರಿಗೆ ಆಗದಂತೆ. ಎಲ್ಲವೂ ದಡದ ಬೆಕ್ಕುಗಳ ಪಾಲಾಗಿತ್ತು. ಸೂರಿನ ಬೆಕ್ಕುಗಳು ಅಷ್ಟೊಂದು ದುಂಡಗಿದ್ದದ್ದು ಮೀನು ತಿಂದೇ ಎಂದು ನಾನು ತಿಳಿದಿದ್ದೆ. ಜೂಲಿ ಒಂದು ಕ್ಷಣ ತನ್ನ ಮೆಣಸಿನ ಹುಡಿಯನ್ನು ನೆನೆದು ಸಂಕಟಪಟ್ಟಳು, ಆಮೇಲೆ ರೆಬೆಕಾಳನ್ನು ತಬ್ಬಿಕೊಂಡಳು.

ಸಂಜೆ ಅವರ ಮನೆಗೆ ಹೋದೆ. ಸ್ಯಾಮ್ಯುಯೆಲ್ ಆಗಷ್ಟೇ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದ. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ. ನನಗೆ ಕ್ಷಮೆ ಕೇಳಲು ಬಾರದು, ಕ್ಷಮೆಯ ಬದಲಿಗೆ ನಾನು ಸಲಹೆ ಕೊಡುತ್ತೇನೆ. “ನಮ್ಮ ಭಾನುವಾರವನ್ನು ನಾವು ಶುಕ್ರವಾರಕ್ಕೆ ತಂದಿಲ್ಲವಾ? ನಿಮ್ಮದನ್ನೂ ಹಾಗೆಯೇ ಒಂದು ದಿನ ಹಿಂದಕ್ಕೆ ತರಬಹುದಲ್ಲ?” ಎಂದೆ.

ಆತ ನಕ್ಕ. ಸಿಟ್ಟಿನ ನಗೆಯಲ್ಲ. “ನಿಮಗೆ ಕೇಳಲು ಗುರುಗಳಿದ್ದಾರೆ ಫೆಲಿಕ್ಸ್ ಭಾಯಿ. ನಾನು ಯಾರನ್ನು ಕೇಳಲಿ? ನಮ್ಮಲ್ಲಿ ಸಭೆ ಸೇರಬೇಕಾದರೆ ಹತ್ತು ಗಂಡಸರು ಬೇಕು. ಇಲ್ಲಿ ನಾನೊಬ್ಬ, ರೆಬೆಕಾ, ಮಗಳು. ಗುರು ನಾನೇ, ಭಕ್ತ ನಾನೇ. ಇಲ್ಲಿ ನಮಗೆ ಗುಡಿ ಇಲ್ಲ, ಗಂಟೆ ಇಲ್ಲ. ಶನಿವಾರ ಒಂದು ಉಂಟು. ನಾವು ಹೋಗಿ ಕುಳಿತುಕೊಳ್ಳುವ ಜಾಗ ಅದೇ.” ಕೈ ಒರೆಸಿಕೊಳ್ಳುತ್ತ ಮತ್ತೆ ಹೇಳಿದ: “ನಮ್ಮ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಯ ಗಾಣ ನಡೆಸುತ್ತಿದ್ದರು. ಎಲ್ಲಿಂದಲೋ ಬಂದವರು, ಭಾಷೆ ಮರೆತರು, ಪುಸ್ತಕ ಕಳೆದುಕೊಂಡರು, ಎಷ್ಟೋ ಪ್ರಾರ್ಥನೆ ಮರೆತರು. ಶನಿವಾರ ಗಾಣ ಕಟ್ಟಬಾರದು ಎಂಬುದನ್ನು ಮಾತ್ರ ಮರೆಯಲಿಲ್ಲ. ಸುತ್ತಲಿನ ಜನ ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರು. ಅವರ ಎತ್ತಿಗೂ ಆ ದಿನ ರಜೆ. ನಾನು ಇವತ್ತು ಸ್ವಿಚ್ ಹಾಕಿದೆ.”

ಹೆಂಚಿನ ಮಾಡಿನ ಇಗರ್ಜಿ, ಗಂಟೆ, ಗಾಯನ, ಗುರುಗಳು, ಸಾಲು ಸಾಲು ಬೆಂಚು, ಇಷ್ಟೆಲ್ಲ ಇದ್ದೂ ಪ್ರವಚನದ ಹೊತ್ತಿಗೆ ತೂಕಡಿಸುವವನು ನಾನು. ಅವನ ಎದುರು ನನಗೆ ಬಹಳ ನಾಚಿಕೆಯಾಯಿತು. ಶನಿವಾರವನ್ನು ವಾಪಸು ತರಲೇಬೇಕು, ಅದೂ ಅವನ ಹೆಸರು ಎಲ್ಲೂ ಬರದ ಹಾಗೆ. ಮನೆಗೆ ಬಂದು ಯೋಚಿಸಿದಷ್ಟೂ ಒಂದೇ ಉಪಾಯ ಕಂಡಿತು. ನ್ಯಾಯದ ಭಾಷಣ ಬಿಗಿದ ಬಾಯಿಯಿಂದಲೇ, ‘ಶುಕ್ರವಾರ ನನಗೇ ಬೇಕು’ ಎಂದು ಹೇಳಬೇಕು.

ಸಾಲಿಂ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಒಂದೇ ವಾರಕ್ಕೆ ನಿನ್ನ ಉಪಕಾರ ಮುಗಿಯಿತಾ?” ಎಂದರು. “ಆ ಮನುಷ್ಯ ಏನಾದರೂ ಗಲಾಟೆ ಮಾಡಿದನಾ?”

“ಇಲ್ಲ ಸಾಹೇಬರೇ. ಅವನು ಒಳ್ಳೆಯವನು. ನನಗೇ ಶುಕ್ರವಾರ ಬಿಟ್ಟಿರಲು ಆಗುವುದಿಲ್ಲ. ಜಪ, ಊಟ, ಅಭ್ಯಾಸವಾಗಿದೆ.”

“ಖಲಾಸ್. ಹಳೆಯದೇ ಇರಲಿ. ಇನ್ನು ಮೇಲೆ ನನ್ನ ಹತ್ತಿರ ನ್ಯಾಯ, ಗೀಯ ಎಂದು ಬರಬೇಡ,” ಎಂದು ಅವರು ಮುಖ ತಿರುಗಿಸಿದರು. ಬೆನ್ನು ತಟ್ಟಿದ ಕೈ ಅದಾದ ಮೇಲೆ ನನ್ನ ಬೆನ್ನಿನ ಹತ್ತಿರ ಬರಲಿಲ್ಲ. ಮುಂದಿನ ಶನಿವಾರ ನಾನು ಯಂತ್ರದ ಮುಂದೆ ಸ್ವೆಟರ್ ಹಾಕಿ ಕುಳಿತೆ, ಸ್ಯಾಮ್ಯುಯೆಲ್ ತನ್ನ ಮನೆಯಲ್ಲಿ ಕುಳಿತ. ಮುಂದೊಂದು ದಿನ ರೆಬೆಕಾ ಹರಕೆ ತೀರಿಸಿ, ಅವಲಕ್ಕಿಗೆ ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಹಾಕಿ ಕಲಸಿದ ಪ್ರಸಾದ ಕಳಿಸಿದಳು. ಜೂಲಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು, “ಇದು ನಮ್ಮ ಅಮ್ಮ ಮಾಡುವ ಫೋವ್ ಅಲ್ಲವಾ!” ಎಂದು ಬೆರಗಾದಳು. ಅಂದಿನಿಂದ ಅವರ ಮನೆಗೆ ನಮ್ಮಿಂದ ಅವರಿಗೆ ಆಗುವ ಬಂಗುಡೆ ಮೀನು ಮಾತ್ರ ಹೋಯಿತು.

ಉಳಿದದ್ದು ನಮ್ಮ ಸಭೆ. ನಾನು ಶುಕ್ರವಾರವನ್ನು ಕಿತ್ತುಕೊಂಡ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಊಟಕ್ಕೆ ಬಡಿಸುವಾಗ ಮೀನಿನ ತಲೆ ಮಾತ್ರ ನನ್ನ ತಟ್ಟೆಗೆ ಬೀಳತೊಡಗಿತು. “ಕೆಲವರಿಗೆ ತಮ್ಮದು ತಮಗೆ,” ಎಂಬಂಥ ಮಾತುಗಳು ಗೋಡೆಯ ಕಡೆ ತಿರುಗಿ ನನಗೆ ಕೇಳುವ ಹಾಗೆ ಬಂದವು. ಅಷ್ಟು ವರ್ಷ ಬೆವರು ಸುರಿಸಿ ಸಂಪಾದಿಸಿದ ‘ಫೆಲಿಕ್ಸ್ ಭಾರಿ ಒಳ್ಳೆ ಜನ’ ಎಂಬ ಹೆಸರು ಬಿಸಿಲಿಗಿಟ್ಟ ಐಸಿನಂತೆ ಕರಗಿ ಹೋಯಿತು. ನಿಜ ಹೇಳಿಬಿಡಲು ನಾಲಗೆ ತುದಿಯವರೆಗೆ ಎಷ್ಟು ಸಲ ಬಂತೋ! ಜೂಲಿ ಕಣ್ಣಲ್ಲೇ ತಡೆಯುತ್ತಿದ್ದಳು.

ಒಂದು ಶುಕ್ರವಾರ ಜಪದ ಕೊನೆಯಲ್ಲಿ ಲಾರೆನ್ಸ್ ಮಾಮ್ ಕಣ್ಣು ಮುಚ್ಚಿ, ಎಲ್ಲರಿಗಾಗಿ ಬೇಡಿಕೊಂಡರು. ರೋಗಿಗಳಿಗಾಗಿ, ಕೆಲಸವಿಲ್ಲದವರಿಗಾಗಿ, ಊರಿನಲ್ಲಿರುವ ಹಿರಿಯರಿಗಾಗಿ. ಆಮೇಲೆ ಗಂಟಲು ಸರಿಪಡಿಸಿಕೊಂಡು, “ನಮ್ಮ ಸಹೋದರ ಫೆಲಿಕ್ಸ್‌ಗಾಗಿ ಬೇಡುವಾ. ದೇವರು ಅವನ ಕಲ್ಲು ಮನಸ್ಸನ್ನು ಕರಗಿಸಲಿ. ಒಂದೇ ಒಂದು ಶುಕ್ರವಾರವನ್ನಾದರೂ ನೆರೆಯವನಿಗೆ ಬಿಟ್ಟುಕೊಡುವ ಬುದ್ಧಿ ಕೊಡಲಿ,” ಎಂದರು. ನಾನು ತಲೆ ತಗ್ಗಿಸಿದೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ‘ಆಮೆನ್’ ಎಂದದ್ದು ನಾನೇ. ಆ ಬೇಡಿಕೆ ಮುಂದೆ ಪ್ರತಿ ವಾರ ನಡೆಯಿತು, ನಾನು ಸೂರ್ ಬಿಡುವವರೆಗೂ ನಡೆಯಿತು. ಅಷ್ಟು ಜನ, ಅಷ್ಟು ಭಕ್ತಿಯಿಂದ ನನಗಾಗಿ ಪ್ರಾರ್ಥಿಸಿದ್ದು ನನ್ನ ಜನ್ಮದಲ್ಲಿ ಅಲ್ಲೊಂದೇ ಕಡೆ. ದೇವರ ದಯೆ ದೊಡ್ಡದು, ಒಂದು ವಾರವೂ ಕಿವಿಗೆ ಹಾಕಿಕೊಳ್ಳಲಿಲ್ಲ.