ದೇವೀರಪ್ಪನವರ ಹತ್ತು ಗುಂಡಿನ ದಾಸ್ತಾನು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ದೇವೀರಪ್ಪನವರು ಕಟ್ಟಿಕೊಂಡ ಹೆಂಡತಿಯ ಮೇಲೇ ಬಂದೂಕು ಎತ್ತಬೇಕಾಗಿ ಬಂದದ್ದು ಅಟ್ಟದ ದೆಸೆಯಿಂದ. (ಗಾಬರಿ ಬೇಡ, ಬಂದೂಕಿನಲ್ಲಿ ಇದ್ದದ್ದು ಬಣ್ಣ.) ಹೋದ ವರ್ಷದ ಕೊಬ್ಬರಿ ಇನ್ನೂ ಅಟ್ಟದ ಮೇಲೇ ಕೂತಿತ್ತು. ರೇಟು ಏರಿದರೆ 'ಇನ್ನೂ ಏರಲಿ', ಇಳಿದರೆ 'ಏರೋವರೆಗೂ ಇರಲಿ' ಎನ್ನುವುದು ಅವರ ಅರ್ಥಶಾಸ್ತ್ರ. ಅಷ್ಟರಲ್ಲಿ ಇಲಿಗಳು ಅಲ್ಲಿ ಮೊಮ್ಮಕ್ಕಳನ್ನು ಕಂಡಿದ್ದವು. ಕೆಳಗೆ ಮಲಗುವ ಹೆಂಡತಿ ಪುಷ್ಪಲತಾಗೆ ನಿದ್ದೆಯೆಂಬುದು ತವರಿಗೆ ಹೋದಾಗ ಮಾತ್ರ ಸಿಗುವ ಪದಾರ್ಥವಾಗಿತ್ತು.

ದೇವೀರಪ್ಪನವರ ಅಣ್ಣನ ಮಗ ಶಿವಕುಮಾರ, ಹಳೇಬೀಡಿಗೆ ಬರುವ ಪ್ರವಾಸಿಗರನ್ನು ನಂಬಿಕೊಂಡು, ಮಾದಿಹಳ್ಳಿಯ ತನ್ನ ತೆಂಗಿನ ತೋಟದಲ್ಲಿ, ಬಣ್ಣ ತುಂಬಿದ ಗುಂಡುಗಳಿಂದ ಹೊಡೆದಾಡುವ ಪೇಂಟ್‌ಬಾಲ್ ಆಟ ಶುರುಮಾಡಿದ್ದ. ಮೊದಲ ದಿನ ನೆಂಟರಿಗೆ ಪುಕ್ಕಟೆ ಎಂದಮೇಲೆ ಗಂಡ ಹೆಂಡತಿ ಕಾರಿನಲ್ಲಿ ಬಂದಿಳಿದರು. ಬಂದೂಕು ಕಂಡದ್ದೇ ತಡ, ಪುಷ್ಪಲತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ರೀ, ನಾನು ಗೆದ್ರೆ ಸೋಮವಾರ ಅಟ್ಟ ಖಾಲಿ ಆಗ್ಬೇಕು. ನೀವು ಗೆದ್ರೆ ಸಾಯೋವರೆಗೂ ಆ ಮಾತು ಎತ್ತಲ್ಲ."

"ಮಾತು ಅಂದ್ರೆ ಮಾತು ಕಣೇ!"

"ಚಿಕ್ಕಪ್ಪ, ಒಂದೊಂದು ಗುಂಡಿಗೂ ಪಂಪ್ ಎಳೀಬೇಕು," ಎಂದ ಶಿವಕುಮಾರ. "ಒಬ್ಬೊಬ್ರಿಗೆ ಹತ್ತೇ ಗುಂಡು, ಚಿಕ್ಕಮ್ಮಂಗೆ ನೀಲಿ, ನಿಮಗೆ ಹಳದಿ. ಯಾರ ಮೈಮೇಲೆ ಗುಂಡು ಒಡೀತೋ ಅವರು ಔಟು."

'ಹತ್ತೇ' ಎಂದೊಡನೆ ದೇವೀರಪ್ಪನವರೊಳಗಿನ ವ್ಯಾಪಾರಿ ಎದ್ದು ಕೂತ. ಒಂದು ಗುಂಡನ್ನು ಬಂದೂಕಿಗೆ ಹಾಕಿ, ಉಳಿದವನ್ನು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಭದ್ರಪಡಿಸಿದರು.

ಪುಷ್ಪಲತಾ ಮಾತ್ರ ಕೈ ಬಿಚ್ಚಿ ಹೊಡೆದಳು. ತೆಂಗಿನ ಮರಗಳು ನೀಲಿಯಾದವು. ಶಿವಕುಮಾರನ ಹೊಸ ಬೋರ್ಡಿನಲ್ಲಿ ಅವನ ಹೆಸರೇ ಅಳಿಸಿಹೋಯಿತು. ದೇವೀರಪ್ಪನವರು ಮರದ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, 'ಖರ್ಚು ಮಾಡಲಿ, ಅವಳ ಸರಕು ಮುಗಿದ ಮೇಲೆ ಮಾರುಕಟ್ಟೆ ನಮ್ಮದೇ' ಎಂದುಕೊಂಡರು. ಒಂದು ಸಲವಂತೂ ಆಕೆ ಇಷ್ಟು ಹತ್ತಿರದಲ್ಲೇ ಬೆನ್ನು ತಿರುಗಿಸಿ ನಿಂತಿದ್ದಳು. ಪಂಪ್ ಎಳೆದರು, ಗುರಿ ಇಟ್ಟರು, 'ಇನ್ನೆರಡು ಹೆಜ್ಜೆ ಹತ್ತಿರ ಬರಲಿ' ಎಂದು ಕಾದರು. ಆಕೆ ದೂರ ಹೋದಳು.

ಕೊನೆಗೆ ಅವಳ ಬಂದೂಕು ಬರೀ ಟಕ್ ಎಂದಿತು. ಗುಂಡು ಮುಗಿದಿತ್ತು. ಬಟ್ಟಬಯಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹೊಡೀರಿ, ನೋಡೇಬಿಡ್ತೀನಿ!"

ದೇವೀರಪ್ಪನವರಿಗೆ ಸ್ವರ್ಗ ಮೂರೇ ಗೇಣು. ಮಂಡಿಗಳು ಆಗಲೇ ಬೊಬ್ಬೆ ಹೊಡೆಯುತ್ತಿದ್ದವು. ಗೆಲುವು ಕೈಯಲ್ಲಿರುವಾಗ ಅವಸರವೇಕೆ? ನಿರಾಳವಾಗಿ ಗುರಿ ಇಡೋಣವೆಂದು ಮರದ ಬುಡದಲ್ಲಿ ಧೊಪ್ಪನೆ ಕೂತರು.

ಪಚಕ್!

ಹಿಂದುಗಡೆ ತಣ್ಣಗಾಯಿತು. ಶಿವಕುಮಾರ ಸೀಟಿ ಊದಿದ.

"ಚಿಕ್ಕಪ್ಪ ಔಟು!"

"ಯಾರ್ಲಾ ಹೊಡೆದೋರು? ಅವಳತ್ರ ಗುಂಡೇ ಇಲ್ವಲ್ಲೋ!"

"ಯಾರೂ ಹೊಡೀಲಿಲ್ಲ ಚಿಕ್ಕಪ್ಪ. ನೀವೇ ಕೂತ್ರಿ."

ಎದ್ದು ತಿರುಗಿ ನೋಡಿಕೊಂಡರು. ಪ್ಯಾಂಟಿನ ಹಿಂಭಾಗವೆಲ್ಲ ಹಳದಿ. ಪುಷ್ಪಲತಾ ಆಗಲೇ ಕೊಬ್ಬರಿ ಮಂಡಿಯವನಿಗೆ ಫೋನ್ ಹಚ್ಚಿದ್ದಳು.

"ಲೇ, ತಡಿಯೇ," ಎಂದು ದೇವೀರಪ್ಪನವರು ಬಣ್ಣ ತೊಟ್ಟಿಕ್ಕಿಸುತ್ತಲೇ ಅಂಗಲಾಚಿದರು. "ಇನ್ನೊಂದು ವಾರ ನೋಡೋಣ ಕಣೇ, ರೇಟು ಏರೋ ಹಂಗೈತೆ!"

"ನೀವು ನೋಡ್ತಾ ಇರಿ," ಎಂದಳು ಪುಷ್ಪಲತಾ. "ನಾನು ಮಾರ್ತಾ ಇರ್ತೀನಿ. ಮತ್ತೆ, ಆ ಪ್ಯಾಂಟಲ್ಲಿ ಕಾರೊಳಗೆ ಕೂರಂಗಿಲ್ಲ. ಬಸ್ಸಲ್ಲಿ ನಿಂತ್ಕೊಂಡು ಬನ್ನಿ."